ಮೂಟೆಯ ಬಾಯಿಂದ ತೆಗೆದ ಹಿಡಿ
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು ದನದ ಬೂಸಾದ ಬಗ್ಗೆ ಮಾತಾಡುತ್ತೇನೆಂದರೆ ನಗಬೇಡಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪಿನ ದುಡ್ಡು ಬರುವುದು ವರ್ಷಕ್ಕೊಂದು ಕಾಲ. ಕೆ.ಆರ್. ನಗರದ ಭತ್ತಕ್ಕೂ ಎಚ್.ಡಿ. ಕೋಟೆಯ ಹತ್ತಿಗೂ ಅದೇ ಪಾಡು. ನಡುವೆ ಮನೆ ನಡೆಸುವುದು ಹಾಲಿನ ಬಟವಾಡೆ. ನನ್ನ ನೋಟ್‌ಬುಕ್ಕು, ಬಸ್ ಪಾಸು ಎಲ್ಲ ಆ ದುಡ್ಡಿನಲ್ಲೇ ಬಂದದ್ದು.

ಮೂರು ವರ್ಷದ ಹಿಂದೆ ನಮ್ಮ ಕರುವಿಗೆ ಜ್ವರ ಬಂದು ರಕ್ತಭೇದಿ ಶುರುವಾಯಿತು. ಸಾಲ್ಮೊನೆಲ್ಲಾ ಇರಬಹುದು, ನೀರಿನಿಂದಲೋ ಇಲಿಯಿಂದಲೋ ಬೂಸಾದಿಂದಲೋ ಬಂದಿರಬಹುದು ಎಂದರು ಡಾಕ್ಟರು. ಸಗಣಿಯನ್ನೂ ಬೂಸಾವನ್ನೂ ಪರೀಕ್ಷೆಗೆ ಕೊಟ್ಟೆವು. ಮೂರನೇ ದಿನ ಕರು ಹೋಯಿತು. ಐದನೇ ದಿನ ವರದಿ ಬಂತು: ಸಗಣಿಯಲ್ಲಿ ಇದೆ, ಬೂಸಾದಲ್ಲಿ ಕಂಡುಬಂದಿಲ್ಲ.

"ಹಂಗಾದ್ರೆ ಉಳಿದಿರೋದನ್ನ ಹಸೂಗೆ ಹಾಕ್ಬೋದೇನ್ಲಾ?" ಎಂದು ಅಪ್ಪ ಕೇಳಿದರು.

ಉತ್ತರ ಗೊತ್ತಿರಲಿಲ್ಲ. ಓದತೊಡಗಿದೆ.

ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಬೆಳೆಸಿ ನೋಡುವ ಹಳೆಯ ವಿಧಾನಕ್ಕೆ ನಾಲ್ಕೈದು ದಿನ ಬೇಕು. ಈಗ ಅದಕ್ಕಿಂತ ಬೇಗ ಹೇಳುವ ಪಿಸಿಆರ್ ಇದೆ. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡವರಿಗೆ ಹೆಸರು ಹೊಸದಲ್ಲ. 1983ರಲ್ಲಿ ಅಮೆರಿಕದ ಕ್ಯಾರಿ ಮುಲ್ಲಿಸ್‌ಗೆ ಹೊಳೆದದ್ದು. 1993ರಲ್ಲಿ ಅದಕ್ಕೆ ನೊಬೆಲ್ ಬಂತು. ಸಾಲ್ಮೊನೆಲ್ಲಾದಲ್ಲಿ ಮಾತ್ರ ಇರುವ ಡಿಎನ್‌ಎ ತುಣುಕನ್ನು ಹುಡುಕಿ, ಬಿಸಿ ಮಾಡಿ ತಣಿಸಿ, ಸುತ್ತು ಸುತ್ತಿಗೂ ಇಮ್ಮಡಿ ಮಾಡುವುದು ಯಂತ್ರದ ಕೆಲಸ. ಒಂದು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತಿಗೆ ನೂರು ಕೋಟಿ ದಾಟುತ್ತದೆ. ಘಾತಾಂಕದ ಪಾಠದಲ್ಲಿ ಇದನ್ನು ಕೇಳಿದ್ದರೆ ನಾನು ಕಿಟಕಿಯಾಚೆ ನೋಡುತ್ತಾ ಕೂರುತ್ತಿರಲಿಲ್ಲ!

ಯಂತ್ರದ ಕೆಲಸ ಒಂದೆರಡು ಗಂಟೆಯದು. ಆದರೆ ಅದಕ್ಕೆ ಮೊದಲು ಬೂಸಾವನ್ನು ಪೋಷಕ ದ್ರಾವಣದಲ್ಲಿ ಒಂದು ರಾತ್ರಿ ಇಡಬೇಕು. ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಯಂತ್ರ ಹಿಡಿದುಬಿಡುತ್ತದೆ. ಜೀವಂತ ಇರುವುದು ರಾತ್ರಿಯೆಲ್ಲ ಬೆಳೆದು ಹೆಚ್ಚಾಗುತ್ತದೆ. ಹೀಗೆ ಮರುದಿನ ಉತ್ತರ ಸಿಗುತ್ತದೆ. ಇದೆ ಎಂದು ಬಂದರೆ ಹಳೆಯ ವಿಧಾನದಲ್ಲೂ ಖಚಿತಪಡಿಸಿಕೊಳ್ಳುತ್ತಾರೆ. ಹಿಂಡಿಗೆ ಹಿಡಿಯುವ ಬೂಷ್ಟಿನ ವಿಷ ಇದರಲ್ಲಿ ಗೊತ್ತಾಗುವುದಿಲ್ಲ, ಅದಕ್ಕೆ ಬೇರೆ ಪರೀಕ್ಷೆ.

ಆದರೆ ಅಪ್ಪನ ಪ್ರಶ್ನೆಗೆ ಪಿಸಿಆರ್ ಕೂಡ ಉತ್ತರ ಕೊಡುತ್ತಿರಲಿಲ್ಲ. ಪರೀಕ್ಷೆಗೆ ಸಾಮಾನ್ಯವಾಗಿ ತೆಗೆದುಕೊಳ್ಳುವುದು 25 ಗ್ರಾಂ. 50 ಕೆ.ಜಿ. ಮೂಟೆಯಲ್ಲಿ ಅದು ಎರಡು ಸಾವಿರದಲ್ಲಿ ಒಂದು ಪಾಲು. ಬ್ಯಾಕ್ಟೀರಿಯಾ ಮೂಟೆಯಲ್ಲಿ ಸಮನಾಗಿ ಹರಡಿರುವುದಿಲ್ಲ. ನೀರು ತಾಕಿದ ಕಡೆ, ಇಲಿ ಹಿಕ್ಕೆ ಬಿದ್ದ ಕಡೆ ಗುಂಪಾಗಿರುತ್ತದೆ. ನಾನು ಕೊಟ್ಟದ್ದು ಮೂಟೆಯ ಬಾಯಿಂದ ಬರಿಗೈಯಲ್ಲಿ ತೆಗೆದ ಒಂದು ಹಿಡಿ. ತಪ್ಪು ಪ್ರಯೋಗಾಲಯದ್ದಲ್ಲ, ನನ್ನದೇ.

ಸಾಲ್ಮೊನೆಲ್ಲಾ ಒಣ ಬೂಸಾದಲ್ಲಿ ತಿಂಗಳುಗಟ್ಟಲೆ ಬದುಕಬಲ್ಲದು. ಅಪ್ಪನಿಗೆ ಇದನ್ನು ಹೇಳಿದೆ. ಅವರು ಮಾತಾಡಲಿಲ್ಲ. ದುಡ್ಡು ಕೊಟ್ಟು ತಂದ ಮುಕ್ಕಾಲು ಮೂಟೆಯನ್ನು ಗುಂಡಿ ತೋಡಿ ಹೂತರು.

ಡೇರಿಯ ಕಾರ್ಯದರ್ಶಿಗಳು ಇಲ್ಲೇ ಕೂತಿದ್ದಾರೆ. ಅಕ್ಕಿ ಅಂಗಡಿಯಲ್ಲಿ ಮೂಟೆಗೆ ಚುಚ್ಚಿ ಕಾಳು ತೆಗೆಯುತ್ತಾರಲ್ಲ, ಅಂಥದ್ದೊಂದು ಕೊಳವೆ ತಂದಿದ್ದೇನೆ. ಹತ್ತಾರು ಮೂಟೆಗಳ ಮೇಲೆ, ನಡುವೆ, ತಳದಲ್ಲಿ ಚುಚ್ಚಿ, ಶುದ್ಧ ಚೀಲದಲ್ಲಿ ಬೆರೆಸಿ, ಮೂಟೆಯ ಬ್ಯಾಚ್ ನಂಬರ್ ಬರೆದು ಕಳಿಸಬೇಕು. ಸಂಘ ಒಪ್ಪಿದರೆ ಮೊದಲ ಪರೀಕ್ಷೆಯ ಖರ್ಚು ನಮ್ಮ ಬ್ಯಾಚಿನವರದು. ಮುಂದಿನ ಲೋಡು ಯಾವತ್ತು ಬರುತ್ತದೆಂದು ತಿಳಿಸಿ, ರಜೆ ಹಾಕಿ ಬರುತ್ತೇನೆ.

ಊಟಕ್ಕೆ ತಡವಾಯಿತು.