ನೂರಕ್ಕೆ ಎರಡು
(ಚೆನ್ನೈಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ಬ್ಯಾಂಕಿನ ಗುಮಾಸ್ತನನ್ನು ಭಾಷಣಕ್ಕೆ ನಿಲ್ಲಿಸಿದರೆ ಅವನು ಜಮಾಖರ್ಚಿನ ಮಾತನ್ನೇ ಆಡುವನು, ತಾವು ಸೈರಿಸಬೇಕು.

2013ರ ಕಂಪನಿ ಕಾಯಿದೆಯಂತೆ ನಮ್ಮ ದೇಶದ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಶಾಲೆಗೆ ಕೊಠಡಿ, ಊರಿಗೆ ಗಿಡಮರ, ಎಲ್ಲವೂ ಒಳ್ಳೆಯದೇ. ಆದರೆ ಆ ನೂರು ಪಾಲು ಲಾಭ ಬಂದ ಬಗೆ ಹೇಗೆಂದು ಕೇಳುವವರು ಯಾರು?

ದಕ್ಷಿಣ ಕೊರಿಯದ ಸ್ಯಾಮ್‌ಸಂಗ್ ಕಂಪನಿಯ ಹೆಸರು ತಮಗೆಲ್ಲ ಗೊತ್ತು. ಅಲ್ಲಿ ಅದರ ಚಿಪ್ ಕಾರ್ಖಾನೆಯೊಂದಕ್ಕೆ 2003ರಲ್ಲಿ ಹ್ವಾಂಗ್ ಯು-ಮಿ ಎಂಬ ಹುಡುಗಿ ಕೆಲಸಕ್ಕೆ ಸೇರಿದಳು. ಸಿಲಿಕಾನ್ ಬಿಲ್ಲೆಗಳನ್ನು ರಾಸಾಯನಿಕ ದ್ರವದಲ್ಲಿ ಅದ್ದಿ ತೆಗೆಯುವುದು ಅವಳ ಕೆಲಸ. ಅಂಥ ಕಾರ್ಖಾನೆಗಳಲ್ಲಿ ಅಡಿಯಿಂದ ಮುಡಿಯವರೆಗೆ ಬಿಳಿಯ ಉಡುಪು ತೊಡಿಸುತ್ತಾರೆ. ಅದು ಚಿಪ್ಪಿಗೆ ಧೂಳು ಸೋಕದಿರಲೆಂದೇ ಹೊರತು ಮನುಷ್ಯರ ರಕ್ಷಣೆಗಲ್ಲ. 2005ರಲ್ಲಿ ಅವಳಿಗೆ ರಕ್ತದ ಕ್ಯಾನ್ಸರ್ ಕಂಡಿತು. 2007ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿಗೇ, ತೀರಿಕೊಂಡಳು. ಜೊತೆಯಲ್ಲಿ ಅದೇ ಕೆಲಸ ಮಾಡುತ್ತಿದ್ದ ಇನ್ನೊಬ್ಬಾಕೆಯೂ ಅದೇ ರೋಗಕ್ಕೆ ತುತ್ತಾಗಿದ್ದಳು.

ತಂದೆ ಹ್ವಾಂಗ್ ಸಾಂಗ್-ಗಿ ಟ್ಯಾಕ್ಸಿ ಓಡಿಸುವವರು. ಅವರು ಬಿಡಲಿಲ್ಲ. ರಾಸಾಯನಿಕಗಳ ವಿವರ ಕೇಳಿದರೆ ಅದು ವ್ಯಾಪಾರದ ಗುಟ್ಟೆಂಬ ಉತ್ತರ. 2011ರಲ್ಲಿ ನ್ಯಾಯಾಲಯವು ರೋಗ ಕೆಲಸದಿಂದ ಬಂದದ್ದೆಂದು ತೀರ್ಪಿತ್ತಿತು; 2014ರಲ್ಲಿ ಮೇಲಿನ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೊನೆಗೆ 2018ರ ನವೆಂಬರಿನಲ್ಲಿ ಕಂಪನಿಯು ಅಪಾಯವನ್ನು ಸರಿಯಾಗಿ ನಿಭಾಯಿಸಲಿಲ್ಲವೆಂದು ಬಹಿರಂಗವಾಗಿ ಕ್ಷಮೆ ಕೇಳಿ, ಒಬ್ಬೊಬ್ಬರಿಗೆ 15 ಕೋಟಿ ವೋನ್‌ವರೆಗೆ ಪರಿಹಾರ ಕೊಡಲು ಒಪ್ಪಿತು.

ಹನ್ನೊಂದು ವರ್ಷ! ಅಷ್ಟು ಕಾಲ ಲಾಭ ಕಂಪನಿಯ ಲೆಕ್ಕದಲ್ಲಿತ್ತು. ನಷ್ಟ ಒಬ್ಬ ಟ್ಯಾಕ್ಸಿಯವನ ಮನೆಯ ಲೆಕ್ಕದಲ್ಲಿತ್ತು. ಇಂಥ ಆಯವ್ಯಯ ಪತ್ರಕ್ಕೆ ಯಾವ ಲೆಕ್ಕಿಗನೂ ಸಹಿ ಹಾಕಬಾರದು.

ಇದು ಎಲ್ಲಿಯೋ ಕೊರಿಯದ ಸಂಗತಿಯೆಂದು ಸುಮ್ಮನಿರುವಂತಿಲ್ಲ. ನಮಗೆ ಸಮೀಪದ ಶ್ರೀಪೆರಂಬುದೂರಿನಲ್ಲಿಯೂ ಇದೇ ಕಂಪನಿಯ ಕಾರ್ಖಾನೆಯಿದೆ. ಅಲ್ಲಿ ತಯಾರಾಗುವುದು ಚಿಪ್ ಅಲ್ಲ, ಮನೆಬಳಕೆಯ ಯಂತ್ರಗಳು. 2024ರಲ್ಲಿ ಅಲ್ಲಿಯ ಕೆಲಸಗಾರರು ತಮ್ಮ ಸಂಘಕ್ಕೆ ಮಾನ್ಯತೆ ಬೇಕೆಂದು 37 ದಿನ ಮುಷ್ಕರ ಹೂಡಿದರು. ಕೆಲಸಗಾರನ ಬಾಯಿಗೆ ಬೆಲೆಯಿದ್ದಲ್ಲಿ ಅಪಾಯವೂ ಬೇಗ ಬೆಳಕಿಗೆ ಬರುತ್ತದೆ. ನಮ್ಮ ಕೋಲಾರದ ನರಸಾಪುರದಲ್ಲಿಯೂ ಇಂದು ಫೋನು ಜೋಡಿಸುವ ಕಾರ್ಖಾನೆಯಿದೆ. ಕೆಲಸಕ್ಕೆ ಹೋಗುವವರು ನಮ್ಮದೇ ಹೆಣ್ಣುಮಕ್ಕಳು.

ಮಕ್ಕಳು ಹೀಗೆ ಹೊರಟಾಗ ಸಂಬಳವೆಷ್ಟೆಂದು ಕೇಳುವ ನಾವು, ಕೈಗೆ ತಾಗುವ ವಸ್ತು ಯಾವುದು, ರಕ್ಷಣೆ ಏನು ಎಂದೂ ಕೇಳೋಣ. ಅದಕ್ಕೆ ಮರೆಮಾಚದೆ ಉತ್ತರ ಕೊಡುವುದೇ ಕಂಪನಿಯ ಮೊದಲ ಸಮಾಜಸೇವೆ. ನೂರಕ್ಕೆ ಎರಡು ಆಮೇಲಿನ ಮಾತು.