ಮೊದಲ ಹತ್ತು ನಿಮಿಷ ನಿಮ್ಮದು

ಕ್ಲಾಸು ನಡೆಯುತ್ತಿರುವಾಗಲೇ ಪಕ್ಕದ ಬೆಂಚಿನ ಹುಡುಗ ಕುಸಿದು ಬೀಳುತ್ತಾನೆ. ಹೆಸರು ಹಿಡಿದು ಕೂಗಿದರೂ ಓಗೊಡುವುದಿಲ್ಲ. ಒಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಾರೆ, ಇನ್ನೊಬ್ಬರು ಅಂಗಾಲು ಉಜ್ಜುತ್ತಾರೆ, ಮತ್ತೊಬ್ಬರು ಪ್ರಿನ್ಸಿಪಾಲರ ಕೊಠಡಿಯತ್ತ ಓಡುತ್ತಾರೆ. ಉಳಿದ ಐವತ್ತು ಜನ ಸುತ್ತುಗಟ್ಟಿ ನಿಲ್ಲುತ್ತಾರೆ. 108ಕ್ಕೆ ಫೋನ್ ಹೋಗಿದೆ, ಆಂಬುಲೆನ್ಸ್ ಹೊರಟಿದೆ. ಆದರೆ ಅದು ಬೆಂಗಳೂರಿನ ಟ್ರಾಫಿಕ್ಕನ್ನೋ ಮಲೆನಾಡಿನ ತಿರುವುಗಳನ್ನೋ ದಾಟಿಕೊಂಡೇ ಬರಬೇಕು. ಹೃದಯ ನಿಂತರೆ ನಾಲ್ಕರಿಂದ ಆರು ನಿಮಿಷದೊಳಗೆ ಮಿದುಳಿಗೆ ಪೆಟ್ಟು ಬೀಳಲು ಶುರುವಾಗುತ್ತದೆ. ಆಂಬುಲೆನ್ಸ್ ಬರುವವರೆಗಿನ ಆ ಹೊತ್ತಿಗೆ ವಾರಸುದಾರರು ಯಾರು? ಆ ಕೋಣೆಯಲ್ಲಿರುವ ನೀವೇ. ಹದಿನೆಂಟು, ಇಪ್ಪತ್ತರ ಪ್ರಾಯದ, ತೋಳಲ್ಲಿ ಬಲ ಇರುವ, ಹೇಳಿಕೊಟ್ಟರೆ ಒಂದೇ ಮಧ್ಯಾಹ್ನದಲ್ಲಿ ಕಲಿತುಬಿಡುವ ನೀವು.

ಕಲಿಯಬೇಕಾದದ್ದು ದೊಡ್ಡ ವಿದ್ಯೆಯೇನಲ್ಲ. ಬಿದ್ದವನ ಭುಜ ತಟ್ಟಿ ಕರೆಯಿರಿ. ಎಚ್ಚರವಿಲ್ಲ, ಉಸಿರಾಟ ಸರಿಯಿಲ್ಲ ಎಂದರೆ ಎದೆಯ ನಟ್ಟನಡುವೆ ಅಂಗೈಯ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು ಒತ್ತಲು ಶುರು ಮಾಡಿ. ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲವೂ 5 ಸೆಂಟಿಮೀಟರಿಗೆ ಕಡಿಮೆಯಿಲ್ಲದಂತೆ. ಒಂದು ವಿಷಯದಲ್ಲಿ ಮಾತ್ರ ಬಹಳ ಜನ ಮೋಸಹೋಗುತ್ತಾರೆ. ಹೃದಯ ನಿಂತ ಮೇಲೂ ಕೆಲವರು ಒಂದೆರಡು ನಿಮಿಷ ಬಾಯಿ ತೆರೆದು ಗೊರಗೊರ ಎಂದು ಎಳೆದುಕೊಳ್ಳುವುದುಂಟು. ಅದು ಉಸಿರಾಟವಲ್ಲ. ‘ಉಸಿರಾಡ್ತಾ ಇದಾನೆ, ಬಿಡಿ’ ಎಂದು ಕೈಕಟ್ಟಿ ನಿಂತರೆ ಅಮೂಲ್ಯವಾದ ನಿಮಿಷಗಳು ಕೈತಪ್ಪುತ್ತವೆ. ಯಾರೂ ಎದೆ ಒತ್ತದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ.

ಪ್ರಥಮ ಚಿಕಿತ್ಸೆಯ ಶಿಬಿರಗಳಲ್ಲಿ ತರಬೇತಿಯ ಗೊಂಬೆಯ ಮುಂದೆ ವಿದ್ಯಾರ್ಥಿಗಳು ಮೊದಲ ಸಲ ಮಂಡಿಯೂರುವುದನ್ನು ಗಮನಿಸುತ್ತಾ ಬಂದಿದ್ದೇನೆ. ಶುರುವಿನಲ್ಲಿ ನಾಚಿಕೆ. ನೋವಾದೀತೇನೋ ಎನ್ನುವಂತೆ ಮೆಲ್ಲಗೆ ಒತ್ತುತ್ತಾರೆ. ಗೊಂಬೆಯೊಳಗಿನ ಸ್ಪ್ರಿಂಗು ಸುಮ್ಮನಿರುತ್ತದೆ. ಮೊಣಕೈ ಮಡಿಸದೆ, ಭುಜವನ್ನು ಅಂಗೈಯ ನೇರಕ್ಕೆ ತಂದು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟಾಗ ಒಳಗಿಂದ ‘ಟಕ್’ ಎಂಬ ಸದ್ದು. ಆ ಸದ್ದು ಕೇಳಿದ ಕೂಡಲೇ ಅವರ ಮುಖ ಬದಲಾಗುತ್ತದೆ. ಇದು ತನ್ನಿಂದ ಆಗುವ ಕೆಲಸ ಎಂದು ಗೊತ್ತಾದವರ ಮುಖ ಅದು. ಎರಡು ನಿಮಿಷ ಆಗುವಷ್ಟರಲ್ಲಿ ಹಣೆಯಲ್ಲಿ ಬೆವರು, ತೋಳು ಸೋಲುತ್ತದೆ, ಒತ್ತಡದ ಆಳ ತಾನಾಗಿ ಕಡಿಮೆಯಾಗುತ್ತದೆ. ಅದಕ್ಕೇ ಎರಡು ನಿಮಿಷಕ್ಕೊಮ್ಮೆ ಆಳು ಬದಲಾಗಬೇಕು. ಅಂದರೆ ಕಾಲೇಜಿಗೊಬ್ಬರು ಕಲಿತರೆ ಸಾಲದು, ಕ್ಲಾಸಿಗೊಬ್ಬರು ಕಲಿತರೂ ಸಾಲದು. ಎಲ್ಲರೂ ಕಲಿಯಬೇಕು.

ಎಲ್ಲರೂ ಕಲಿತರೆ ಏನಾಗುತ್ತದೆ ಎಂಬುದಕ್ಕೆ ಡೆನ್ಮಾರ್ಕ್ ದೇಶದ ಉದಾಹರಣೆ ಕಣ್ಣ ಮುಂದಿದೆ. 2005ರಲ್ಲಿ ಅಲ್ಲಿ ಶಾಲಾಮಕ್ಕಳಿಗೆ ಈ ತರಬೇತಿ ಕಡ್ಡಾಯವಾಯಿತು, ಮರುವರ್ಷ ಡ್ರೈವಿಂಗ್ ಲೈಸೆನ್ಸ್ ಬೇಕೆನ್ನುವವರಿಗೂ ಕಡ್ಡಾಯವಾಯಿತು. 2001ರಲ್ಲಿ ಆಸ್ಪತ್ರೆಯ ಹೊರಗೆ ಹೃದಯ ಸ್ತಂಭನವಾದ ನೂರು ಜನರಲ್ಲಿ ಸುಮಾರು 21 ಮಂದಿಗಷ್ಟೇ ದಾರಿಹೋಕರಿಂದ ಸಿಪಿಆರ್, ಅಂದರೆ ಎದೆ ಒತ್ತುವ ಈ ನೆರವು, ಸಿಗುತ್ತಿತ್ತು. 2010ರ ಹೊತ್ತಿಗೆ ಅದು ಸುಮಾರು 45ಕ್ಕೆ ಏರಿತು. ಇದೇ ಅವಧಿಯಲ್ಲಿ ತಿಂಗಳ ನಂತರವೂ ಬದುಕಿ ಉಳಿದವರ ಪ್ರಮಾಣ ಶೇಕಡ 3.5ರಿಂದ 10.8ಕ್ಕೆ ಹೋಯಿತು. ಚಿಕಿತ್ಸೆಯಲ್ಲೂ ಸುಧಾರಣೆಗಳಾಗಿದ್ದವು, ನಿಜ. ಆದರೆ ಬೀದಿಯಲ್ಲಿ, ಮನೆಯಲ್ಲಿ ಮುಂದೆ ಬಂದ ಸಾಮಾನ್ಯರ ಕೈಗಳಿಲ್ಲದೆ ಈ ಅಂಕಿ ಬರುತ್ತಿರಲಿಲ್ಲ. ನಮ್ಮಲ್ಲಿ 2021ರ ಅಕ್ಟೋಬರ್ 29ರಂದು ನಟ ‘ಅಪ್ಪು’ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ 46ನೆಯ ವಯಸ್ಸಿಗೇ ಹೊರಟುಹೋದಾಗ ಹಳ್ಳಿಹಳ್ಳಿಯ ಹುಡುಗರೂ ಅತ್ತರು. ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಿಂದ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಸಿಗುವಂತಾಗಿದೆ. ಆದರೆ ಆಸ್ಪತ್ರೆಯ ಬಾಗಿಲವರೆಗೆ ಜೀವ ಉಳಿದಿದ್ದರೆ ತಾನೇ ಇಂಜೆಕ್ಷನ್? ಅಪ್ಪು ಅವರ ಫೋಟೋವನ್ನು ಬೈಕಿಗೆ ಅಂಟಿಸಿಕೊಂಡಿರುವ ಪ್ರತಿಯೊಬ್ಬ ಅಭಿಮಾನಿಯೂ ಎದೆ ಒತ್ತುವುದನ್ನು ಕಲಿತಿದ್ದಾನೆ ಎಂದು ಕಲ್ಪಿಸಿಕೊಂಡರೆ ನನಗೆ ಮೈ ಜುಮ್ಮೆನ್ನುತ್ತದೆ.

ಇನ್ನು ಬೆಂಕಿ ಬಿದ್ದಾಗ ತೆರೆಯಬೇಕಾದ ಬಾಗಿಲಿನ ಮಾತು. ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು.

2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿತ್ತು. ಬೆಂಕಿಗಿಂತ ಹೊಗೆಯೇ ಮಹಡಿ ಮಹಡಿಗೂ ಏರಿತು. ಮೇಲೆ ಹೋದರೆ ತಾರಸಿಯ ಬಾಗಿಲಿಗೆ ಬೀಗ. ಉಸಿರುಕಟ್ಟಿದವರು ಕಿಟಕಿಯ ಗಾಜು ಒಡೆದು ಹಾರಿದರು. 9 ಜನ ಸತ್ತರು. 2019ರ ಮೇ 24ರಂದು ಸೂರತ್ತಿನ ತಕ್ಷಶಿಲಾ ಕಟ್ಟಡದ ಮೇಲ್ಮಹಡಿಯ ಕೋಚಿಂಗ್ ತರಗತಿಗೆ ಬೆಂಕಿ ತಾಗಿದಾಗ ಮೇಲಕ್ಕಿದ್ದ ಮರದ ಮೆಟ್ಟಿಲೇ ಉರಿದುಹೋಯಿತು. 22 ವಿದ್ಯಾರ್ಥಿಗಳು ಪ್ರಾಣ ಬಿಟ್ಟರು. ಆ ದಿನ ಒಬ್ಬ ಯುವಕ ಹೊರಗೋಡೆ ಹತ್ತಿ ನಿಂತು ಮೇಲಿದ್ದ ಮಕ್ಕಳನ್ನು ಇಳಿಸುತ್ತಿದ್ದ ವಿಡಿಯೊ ದೇಶವೆಲ್ಲ ನೋಡಿತು. ಅವನ ಧೈರ್ಯಕ್ಕೆ ಕೈಮುಗಿಯುತ್ತೇನೆ. ಆದರೆ ಇನ್ನೊಂದು ಮೆಟ್ಟಿಲು ಇದ್ದಿದ್ದರೆ ಯಾರೂ ಗೋಡೆ ಹತ್ತಬೇಕಾಗುತ್ತಿರಲಿಲ್ಲ.

ಈಗ ನಿಮ್ಮ ಹಾಸ್ಟೆಲಿಗೆ ಬನ್ನಿ. ರಾತ್ರಿ ಊಟವಾದ ಮೇಲೆ ಮುಂಬಾಗಿಲ ಗ್ರಿಲ್ಲಿಗೆ ಬೀಗ ಬೀಳುತ್ತದೆ. ಹಿಂಬದಿ ಮೆಟ್ಟಿಲ ಬಾಗಿಲಿಗೆ ಮೊದಲೇ ಬಿದ್ದಿದೆ, ಅದರ ಮುಂದೆ ಮುರಿದ ಮಂಚ, ಹಳೆ ಹಾಸಿಗೆ, ಖಾಲಿ ನೀರಿನ ಕ್ಯಾನುಗಳು. ಬೀಗದ ಕೈ ವಾಚ್‌ಮನ್ ಜೇಬಿನಲ್ಲಿ. ವಾಚ್‌ಮನ್ ಟೀ ಕುಡಿಯಲು ಹೋಗಿದ್ದಾರೆ. ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ಈ ಬೀಗ ಇನ್ನೂ ಬಿಗಿ. ಕೇಳಿದರೆ ‘ನಿಮ್ಮ ರಕ್ಷಣೆಗೇ ಅಲ್ಲವೇನಮ್ಮಾ’ ಎಂಬ ಉತ್ತರ. ಬೆಂಕಿ ಬಿದ್ದ ರಾತ್ರಿ ಒಳಗಿನಿಂದ ತೆಗೆಯಲಾಗದ ಬೀಗವನ್ನು ರಕ್ಷಣೆ ಎಂದು ಒಪ್ಪಲು ನಾನು ತಯಾರಿಲ್ಲ. ತುರ್ತು ದ್ವಾರವನ್ನು ಒಳಗಿರುವವರು ಬೀಗದ ಕೈ ಇಲ್ಲದೆಯೇ ತೆರೆಯುವಂತಿರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಸ್ಪಷ್ಟವಾಗಿ ಹೇಳುತ್ತದೆ. ಹೊರಗಿನವರು ಬಾರದಂತೆ, ಒಳಗಿನವರು ತಳ್ಳಿದರೆ ತೆರೆಯುವಂತೆ ಬಾಗಿಲು ಮಾಡುವುದು ಸಾಧ್ಯ. ಹೆಣ್ಣುಮಕ್ಕಳೇ, ಇದನ್ನು ಕೇಳಿ ಪಡೆಯಿರಿ. ತಡವಾಗಿ ಬರಲು ಅನುಮತಿ ಕೇಳುವ ದನಿಯಲ್ಲಿ ಕೇಳಬೇಡಿ. ಹಕ್ಕಿನ ದನಿಯಲ್ಲಿ ಕೇಳಿ.

ಹೊಗೆ ತುಂಬಿದಾಗ ಲಿಫ್ಟ್ ಬೇಡ, ನೆಟ್ಟಗೆ ನಿಂತು ಓಡುವುದೂ ಬೇಡ. ಶುದ್ಧ ಗಾಳಿ ನೆಲದ ಹತ್ತಿರ ಉಳಿದಿರುತ್ತದೆ, ಬಗ್ಗಿ ತೆವಳಿ. ಮುಚ್ಚಿದ ಬಾಗಿಲನ್ನು ಕೈಯ ಹಿಂಭಾಗದಿಂದ ಮುಟ್ಟಿ ನೋಡಿ. ಬಿಸಿಯಿದ್ದರೆ ತೆರೆಯದೆ, ಸಂದಿಗೆ ಒದ್ದೆ ಬಟ್ಟೆ ತುರುಕಿ ಕಿಟಕಿಯಲ್ಲಿ ಕಾಣಿಸಿಕೊಳ್ಳಿ. ಗೋಡೆಯ ಮೇಲಿನ ಕೆಂಪು ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ಎಂದು ಇವತ್ತೇ ನೋಡಿ. ಬಳಸುವ ಹೊತ್ತು ಬಂದರೆ ಪಿನ್ ಕಿತ್ತು, ಜ್ವಾಲೆಯ ಬುಡಕ್ಕೆ ಗುರಿಯಿಡಿ, ನಿಮ್ಮ ಬೆನ್ನು ಬಾಗಿಲ ಕಡೆಗಿರಲಿ. ಮೆಸ್ಸಿನಲ್ಲಿ ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ. ಕಿಟಕಿ ತೆರೆದು ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಮೂರನೆಯ ಮಹಡಿಯಲ್ಲಿ ಗಾಲಿಕುರ್ಚಿ ಬಳಸುವ ಗೆಳತಿಯಿದ್ದರೆ ಅವಳನ್ನು ಇಳಿಸುವ ಇಬ್ಬರು ಯಾರು ಎಂಬುದು ಗಂಟೆ ಬಾರಿಸುವ ಮೊದಲೇ ಗೊತ್ತಿರಬೇಕು. ಅವಳನ್ನೇ ಕೇಳಿ ನಿಶ್ಚಯಿಸಿ.

ಫೆಸ್ಟಿನ ಸಡಗರದಲ್ಲಿ ನಾವು ಮರೆಯುವ ಅಪಾಯ ಇನ್ನೊಂದಿದೆ. 2023ರ ನವೆಂಬರ್ 25ರ ಸಂಜೆ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ಟೆಕ್ ಫೆಸ್ಟಿನ ಸಂಗೀತ ಕಾರ್ಯಕ್ರಮ. ಬಯಲು ರಂಗಮಂದಿರದ ಹೊರಗೆ ಕಾದಿದ್ದವರು ಮಳೆ ಬಂದಾಗ ಒಮ್ಮೆಲೇ ಒಳಕ್ಕೆ ನುಗ್ಗಿದರು. ಗೇಟು ದಾಟಿದ ಕೂಡಲೇ ಇಳಿಜಾರಾದ ಮೆಟ್ಟಿಲು. ಮುಂದಿನವರು ಮುಗ್ಗರಿಸಿದ್ದು ಹಿಂದಿನವರಿಗೆ ಕಾಣಲೇ ಇಲ್ಲ. ನಾಲ್ವರು ಸತ್ತರು, ಮೂವರು ಅಲ್ಲಿಯ ವಿದ್ಯಾರ್ಥಿಗಳೇ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ನೂಕುನುಗ್ಗಲಿನಲ್ಲಿ ಸತ್ತ 11 ಜನರಲ್ಲೂ ವಿದ್ಯಾರ್ಥಿಗಳಿದ್ದರು. ಕಾಲ್ತುಳಿತ ಎನ್ನುತ್ತೇವೆ, ಆದರೆ ಇಂಥ ಕಡೆ ಜನ ಹೆಚ್ಚಾಗಿ ಸಾಯುವುದು ತುಳಿತಕ್ಕಲ್ಲ, ಎದೆಗೂಡು ಹಿಗ್ಗಲು ಜಾಗವಿಲ್ಲದೆ ಉಸಿರುಕಟ್ಟಿ. ನಿಮ್ಮ ಫೆಸ್ಟ್ ಕಮಿಟಿಯಲ್ಲಿ ಸ್ಟೇಜಿಗೆ, ಸೌಂಡಿಗೆ, ಊಟಕ್ಕೆ ಒಬ್ಬೊಬ್ಬರಿರುತ್ತಾರೆ. ಗೇಟಿಗೆ ಯಾರು? ಎಷ್ಟು ಜನ ಒಳಗೆ ಬಂದರು ಎಂದು ಎಣಿಸುವವರು ಯಾರು? ಮಳೆ ಬಂದರೆ ಮೈಕಿನಲ್ಲಿ ಏನು ಹೇಳಬೇಕು ಎಂದು ಮೊದಲೇ ಬರೆದಿಟ್ಟುಕೊಂಡವರು ಯಾರು? ಕಾರ್ಯಕ್ರಮ ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿದೆ? ಈ ಹೆಸರುಗಳು ಪೋಸ್ಟರ್ ಅಚ್ಚಾಗುವ ಮೊದಲು ನಿಶ್ಚಯವಾಗಲಿ. ನೀವೇ ನೂಕುನುಗ್ಗಲಲ್ಲಿ ಸಿಕ್ಕಿಕೊಂಡರೆ ಎರಡೂ ಕೈಗಳನ್ನು ಎದೆಯ ಮುಂದೆ ಮಡಿಸಿ ಉಸಿರಿಗೆ ಜಾಗ ಕಾಯ್ದುಕೊಳ್ಳಿ. ಪ್ರವಾಹದ ಎದುರು ಈಜಬೇಡಿ, ಓರೆಯಾಗಿ ಅಂಚಿಗೆ ಸರಿಯಿರಿ. ಬಿದ್ದ ಮೊಬೈಲಿಗಾಗಿ ಬಗ್ಗಬೇಡಿ.

ಮೊಬೈಲು ಎಂದಾಗ ಹರೀಶ್ ನೆನಪಾಗುತ್ತಾನೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ದೇಹವೇ ಇಬ್ಭಾಗವಾದ ಯುವಕ. ಸುತ್ತ ನಿಂತ ಕೆಲವರು ಫೋಟೋ ತೆಗೆಯುತ್ತಿದ್ದಾಗ ಆತ ತನ್ನ ಅಂಗಾಂಗಗಳನ್ನು ದಾನ ಮಾಡಿ ಎಂದು ಬೇಡಿಕೊಂಡ. ಅವನ ಕಣ್ಣುಗಳು ದಾನವಾದವು. ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ ಸರ್ಕಾರ ತಂದ ಸಾಂತ್ವನ ಯೋಜನೆಗೆ ಅವನ ಹೆಸರೇ ಬಂತು. ನೆರವಿಗೆ ಹೋದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತು ಎಂದು ಅಂಜುವವರಿಗೆ ಒಂದು ಮಾತು: 2016ರ ಮಾರ್ಚ್ 30ರ ಸುಪ್ರೀಂ ಕೋರ್ಟ್ ತೀರ್ಪು ನಿಮ್ಮ ಬೆನ್ನಿಗಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 134ಎ ಕಲಮೂ ಇದೆ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರನ್ನು ಹೆಸರು ಹೇಳಿ ಎಂದು, ದುಡ್ಡು ಕಟ್ಟಿ ಎಂದು ಒತ್ತಾಯಿಸುವಂತಿಲ್ಲ. ಕಾಲೇಜಿನ ಗೇಟಿನ ಎದುರು ಬೈಕು ಬಿದ್ದರೆ ಮೊದಲು ಓಡುವ ಕಾಲು ನಿಮ್ಮದಾಗಲಿ.

ಕಣ್ಣಿಗೆ ಕಾಣದ ತುರ್ತೂ ಒಂದಿದೆ, ಹಾಸ್ಟೆಲುಗಳಲ್ಲಿ ಅದೇ ಹೆಚ್ಚು. ಊಟಕ್ಕೆ ಬರುವುದನ್ನು ಬಿಟ್ಟ, ಇಷ್ಟದ ವಸ್ತುಗಳನ್ನೆಲ್ಲ ಹಂಚುತ್ತಿರುವ, ‘ನಾನಿಲ್ಲದಿದ್ದರೆ ಎಲ್ಲರಿಗೂ ಹಗುರ’ ಎನ್ನುವ ರೂಮ್‌ಮೇಟ್. ಅಂಥವರ ಪಕ್ಕ ಕೂತು ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?’ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯಕ್ಕೆ ಆಧಾರವಿಲ್ಲ. ಕೇಳಿದಾಗ ಅನೇಕರಿಗೆ ಎದೆಯ ಭಾರ ಇಳಿಯುತ್ತದೆ. ಹೌದು ಎಂದರೆ ಒಂಟಿಯಾಗಿ ಬಿಡಬೇಡಿ. 14416ಕ್ಕೆ ಜೊತೆಯಲ್ಲೇ ಕೂತು ಫೋನ್ ಮಾಡಿ. ಅದು ಟೆಲಿ ಮನಸ್, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ‘ಯಾರಿಗೂ ಹೇಳಬೇಡ’ ಎಂದು ಆಣೆ ಹಾಕಿಸಿಕೊಂಡಿದ್ದರೂ ನಂಬಿಕೆಯ ಒಬ್ಬ ಮೇಷ್ಟರಿಗೆ, ಮನೆಯವರಿಗೆ ಹೇಳಿ. ಜೀವ ಉಳಿದರೆ ಸಿಟ್ಟು ನಾಳೆ ಇಳಿಯುತ್ತದೆ.

ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡುವುದು, ಬಾಯಿಗೆ ಚಮಚ ತುರುಕುವುದು, ಹಾವು ಕಚ್ಚಿದ ಜಾಗ ಕೊಯ್ಯುವುದು, ಬಿಗಿಯಾಗಿ ದಾರ ಕಟ್ಟುವುದು, ಇವು ನಮ್ಮ ಕ್ಯಾಂಪಸ್ಸುಗಳಲ್ಲಿ ಇನ್ನೂ ನಡೆಯುತ್ತಿವೆ. ಫಿಟ್ಸ್ ಬಂದವರನ್ನು ಮಗ್ಗುಲಿಗೆ ಹೊರಳಿಸಿ, ತಲೆಗೆ ಪೆಟ್ಟಾಗದಂತೆ ನೋಡಿ. ಹಾವು ಕಚ್ಚಿದರೆ ಕಾಲು ಅಲ್ಲಾಡಿಸದೆ ಆಸ್ಪತ್ರೆಗೆ ಎತ್ತಿಕೊಂಡು ಹೋಗಿ.

ಇದನ್ನೆಲ್ಲ ಯಾರು ಕಲಿಸುತ್ತಾರೆ ಎಂದು ಕಾಯಬೇಡಿ. ಎನ್‌ಎಸ್‌ಎಸ್, ಎನ್‌ಸಿಸಿ, ಯುವ ರೆಡ್ ಕ್ರಾಸ್ ಘಟಕಗಳು ನಿಮ್ಮ ಕಾಲೇಜಿನಲ್ಲೇ ಇವೆ. ಹತ್ತಿರದ ಅಗ್ನಿಶಾಮಕ ಠಾಣೆಗೆ ಹೋಗಿ ಕರೆದರೆ ಅವರು ಬಂದು ಪ್ರಾತ್ಯಕ್ಷಿಕೆ ಮಾಡಿ ತೋರಿಸುತ್ತಾರೆ. ಅಣಕು ತಾಲೀಮು ನಡೆದ ದಿನ ತಪ್ಪಿಸಿಕೊಂಡು ಕ್ಯಾಂಟೀನಿನಲ್ಲಿ ಕೂರಬೇಡಿ. ಗಂಟೆ ಬಾರಿಸಿದಾಗ ಇಳಿದು ಬನ್ನಿ, ಮೈದಾನದಲ್ಲಿ ಸಾಲು ನಿಲ್ಲಿ, ಯಾರು ಬಂದಿಲ್ಲ ಎಂದು ಹೆಸರು ಕರೆದು ನೋಡಿ. ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿದಾಗ ಯಾವ ಗೇಟು, ಯಾವ ಬ್ಲಾಕು, ಯಾವ ಮಹಡಿ ಎಂದು ಬಿಡಿಸಿ ಹೇಳುವುದನ್ನು ಅಭ್ಯಾಸ ಮಾಡಿ. ಒಬ್ಬರು ಗೇಟಿಗೆ ಓಡಿ ಆಂಬುಲೆನ್ಸನ್ನು ಕರೆತರಲಿ. ದೊಡ್ಡ ಕ್ಯಾಂಪಸ್ಸಿನೊಳಗೆ ದಾರಿ ತಪ್ಪಿ ಹೋಗುವ ಎರಡು ನಿಮಿಷದ ಬೆಲೆ, ಮೇಲೆ ಎದೆ ಒತ್ತುತ್ತಿರುವ ಗೆಳೆಯನ ತೋಳಿಗೆ ಗೊತ್ತು.

ಈ ಸೋಮವಾರ ನಾಲ್ಕೈದು ಜನ ಸೇರಿ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆಯಿರಿ. ಹಿಂಬದಿ ಬಾಗಿಲಿನ ಬೀಗ, ಅದರ ಮುಂದಿನ ಮಂಚ, ಅವಧಿ ಮುಗಿದ ಸಿಲಿಂಡರ್, ಹೃದಯಕ್ಕೆ ವಿದ್ಯುದಾಘಾತ ಕೊಡುವ ಎಇಡಿ ಯಂತ್ರ ಇದೆಯೇ ಇಲ್ಲವೇ, ಮುಂದಿನ ತಾಲೀಮು ಯಾವತ್ತು, ಎಲ್ಲವನ್ನೂ ಬ್ಲಾಕಿನ ಹೆಸರು ಸಮೇತ ಬರೆಯಿರಿ. ದಿನಾಂಕ ಹಾಕಿ, ಎಲ್ಲರೂ ಸಹಿ ಮಾಡಿ, ಕಚೇರಿಯಲ್ಲಿ ಕೊಟ್ಟು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಮುಂದಿನ ಸೋಮವಾರದೊಳಗೆ ಉತ್ತರ ಬರದಿದ್ದರೆ ಅದೇ ಪ್ರತಿ ಹಿಡಿದು ಮತ್ತೆ ಹೋಗಿ, ಈ ಸಲ ಇಪ್ಪತ್ತು ಜನ ಹೋಗಿ.