ಹಸಿ ಗಾರೆಯ ಮೇಲಿನ ಬಣ್ಣ

ಬೈಬಲಿನ ಪ್ರವಾದಿ ಮಲಾಕಿಗೆ ತನ್ನ ಕಾಲದ ಯಾಜಕರ ಮೇಲೆ ವಿಪರೀತ ಸಿಟ್ಟು. ಬಲಿಪೀಠಕ್ಕೆ ಬರುತ್ತಿದ್ದದ್ದು ಕುರುಡು, ಕುಂಟು, ರೋಗ ಹಿಡಿದ ಪಶುಗಳು. ಇಂಥದ್ದನ್ನು ಊರಿನ ಅಧಿಕಾರಿಗೆ ಕೊಡುವ ಧೈರ್ಯ ಇದೆಯೇ ಎಂದು ಅವನು ನೇರವಾಗಿ ಕೇಳಿಬಿಟ್ಟ. ನಮ್ಮಲ್ಲೂ ಅಷ್ಟೆ: ಶನಿವಾರದ ಅಭ್ಯಾಸ ತಪ್ಪಿಸಿ ಭಾನುವಾರ ಬೆಳಿಗ್ಗೆ ಗಾಯನವೃಂದದಲ್ಲಿ ನಿಲ್ಲುವವರು, ದೇವರು ಮನಸ್ಸು ನೋಡುತ್ತಾನೆ ಬಿಡಿ ಎನ್ನುವುದುಂಟು. ನೋಡುತ್ತಾನೆ, ನಿಜ. ಶನಿವಾರ ಸಂಜೆ ಆ ಮನಸ್ಸು ಎಲ್ಲಿತ್ತು ಎಂಬುದನ್ನೂ ನೋಡುತ್ತಾನಲ್ಲ!

ದೇವರಿಗೆ ಕೊಡುವ ಕೆಲಸ ಹೇಗಿರಬೇಕು ಎಂದು ತಿಳಿಯಲು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆಗಳನ್ನು ನೋಡಿದ್ದೀರಾ? ಇಟಲಿಯ ಬೆರ್ಗಮೊ ಸೀಮೆಯ ಜೆಸ್ವಿಟ್ ಬ್ರದರ್ ಅಂತೋನಿಯೊ ಮೊಸ್ಕೇನಿ 1899ರಲ್ಲಿ ಶುರುಮಾಡಿ, ಎರಡು ವರ್ಷಕ್ಕೂ ಮಿಕ್ಕಿ ದುಡಿದು ಅವನ್ನು ಚಿತ್ರಗಳಿಂದ ತುಂಬಿಸಿದರು. ಫ್ರೆಸ್ಕೊ ಎಂಬ ಆ ಕಲೆಯಲ್ಲಿ ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು. ಒಣಗಿದರೆ ಬಣ್ಣ ಹಿಡಿಯದು. ತಪ್ಪಿದರೆ ಗಾರೆಯನ್ನೇ ಕೆತ್ತಿ ತೆಗೆದು ಮತ್ತೆ ಬಳಿಯಬೇಕು. ಹಾಗಾಗಿ ಆಯಾ ದಿನ ಮುಗಿಸಬಲ್ಲಷ್ಟು ಜಾಗಕ್ಕೆ ಮಾತ್ರ ಗಾರೆ. ಆಮೇಲೆ ಸರಿಮಾಡಿದರಾಯಿತು ಎಂಬ ಮಾತಿಗೆ ಅಲ್ಲಿ ಎಡೆಯೇ ಇಲ್ಲ.

ನಮಗೆ ಆ ಕೈಚಳಕ ಇಲ್ಲ, ಸರಿ. ಅದಕ್ಕೇ ನಾವು ಸುವಾರ್ತೆಯ ಬಡ ವಿಧವೆ ಕಾಣಿಕೆಪೆಟ್ಟಿಗೆಗೆ ಹಾಕಿದ ಎರಡು ಕಾಸಿನ ಕಥೆಯನ್ನು ಮುಂದೆ ಮಾಡುತ್ತೇವೆ, ಸ್ವಲ್ಪ ಕೊಟ್ಟರೂ ನಡೆಯುತ್ತದೆ ಎಂಬಂತೆ. ಆಕೆ ಕೊಟ್ಟದ್ದು ಸ್ವಲ್ಪವೇನಲ್ಲ. ಒಂದು ಕಾಸು ಹಾಕಿ ಇನ್ನೊಂದನ್ನು ಸೆರಗಿಗೆ ಕಟ್ಟಿಕೊಂಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಬದುಕಲು ಇದ್ದದ್ದೇ ಅಷ್ಟು, ಎರಡನ್ನೂ ಹಾಕಿದಳು.